ಹಳೆಯ ಕಂಪ್ಯೂಟರುಗಳ ಕಿಲುಬು ಹಿಡಿದ ಸರ್ಕಿಟ್ ಬೋರ್ಡುಗಳ ದುರಸ್ತಿ: ಬೀದರ್, ಭಾಲ್ಕಿ, ಔರಾದ್ ಹಿನ್ನೆಲೆಯಲ್ಲಿ

ಸರ್ಕಿಟ್ ಬೋರ್ಡಿನ ತಾಮ್ರದ ಗೆರೆಗಳು, ಬೆಸುಗೆಗಳು ಮತ್ತು ಬಿಡಿಭಾಗಗಳ ಕಾಲುಗಳು ಕ್ಷಾರ, ಆಮ್ಲ, ಉಪ್ಪು ಇಲ್ಲವೆ ತೇವ ತಗುಲಿ ಕ್ರಮೇಣ ಸವೆದು, ವಿದ್ಯುತ್ ಹರಿಯುವ ದಾರಿಯೇ ಕಡಿದುಹೋಗುವುದನ್ನು ಬೋರ್ಡಿಗೆ ಕಿಲುಬು ಹಿಡಿಯುವುದು ಎನ್ನುತ್ತಾರೆ. 1980 ಮತ್ತು 1990ರ ದಶಕದ ಕಂಪ್ಯೂಟರುಗಳು ಇಂದು ಚಾಲೂ ಆಗದಿರುವುದಕ್ಕೆ ಇರುವ ದೊಡ್ಡ ಕಾರಣಗಳಲ್ಲಿ ಇದೊಂದು. ದುರಸ್ತಿಯಲ್ಲಿ ಎರಡು ಬಗೆಯ ಕೆಲಸವಿದೆ. ಮೊದಲನೆಯದು ರಸಾಯನದ ಕೆಲಸ: ತಿನ್ನುತ್ತಿರುವ ಪದಾರ್ಥವನ್ನು ಕೊಂದು ತೊಳೆದು ತೆಗೆಯುವುದು. ಎರಡನೆಯದು ವಿದ್ಯುತ್ತಿನ ಕೆಲಸ: ಕಡಿದ ದಾರಿಗಳನ್ನು ಮತ್ತೆ ಕೂಡಿಸುವುದು. ಮೊದಲನೆಯದನ್ನು ಅರೆಬರೆ ಮಾಡಿ ಎರಡನೆಯದಕ್ಕೆ ಕೈಹಾಕಿದರೆ ಆ ದುರಸ್ತಿ ಬಾಳುವುದಿಲ್ಲ.

ಈ ಭಾಗಕ್ಕೆ ಬಂದ ಯಂತ್ರಗಳು

ಐಬಿಎಂ 1978ರಲ್ಲಿ ಭಾರತ ಬಿಟ್ಟ ಮೇಲೆ ಇನ್ನಷ್ಟು ದೇಶೀಯ ಕಂಪನಿಗಳು ಕಂಪ್ಯೂಟರ್ ತಯಾರಿಕೆಗೆ ಇಳಿದವು. 1984ರ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಿಸಿತು. ಅಲ್ಲಿಂದಾಚೆಗೆ ಐಬಿಎಂ ಪಿಸಿಯ ಮಾದರಿಯಲ್ಲೇ ಜೋಡಿಸಿದ ಯಂತ್ರಗಳು ಜಿಲ್ಲಾ ಕೇಂದ್ರಗಳವರೆಗೂ ಬಂದವು. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ, ಈಗ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎನಿಸಿಕೊಂಡಿರುವ ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜು 1982ರಲ್ಲಿ ಆರಂಭವಾದವು. ಅಂಥ ಕಾಲೇಜುಗಳು ಹುಟ್ಟಿ ಬೆಳೆದ ಕಾಲವೂ 286, 386, 486 ಪ್ರೊಸೆಸರಿನ ಯಂತ್ರಗಳ ಕಾಲವೂ ಒಂದೇ. ರಾಷ್ಟ್ರೀಯ ಮಾಹಿತಿ ಕೇಂದ್ರ ತನ್ನ ಉಪಗ್ರಹ ಜಾಲ ನಿಕ್‌ನೆಟ್ ಮೂಲಕ ಜಿಲ್ಲಾ ಕೇಂದ್ರಗಳನ್ನು ಬೆಸೆದದ್ದೂ 1980ರ ದಶಕದ ಕೊನೆಯಲ್ಲೇ.

ಆ ಕಾಲದಲ್ಲಿ ಡಾಸ್ ಪರದೆಯ ಮೇಲೆ ಕನ್ನಡ ಮೂಡಿಸಲು ಬಳಕೆಯಲ್ಲಿದ್ದ ಒಂದು ದಾರಿ ಜಿಸ್ಟ್ ಕಾರ್ಡ್. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡನ್ನು ಮದರ್‌ಬೋರ್ಡಿನ ಐಎಸ್‌ಎ ಸ್ಲಾಟಿಗೆ ಸಿಕ್ಕಿಸಬೇಕಿತ್ತು. ಬರವಣಿಗೆ ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿಯಲ್ಲಿ ಕಡತವಾಗಿ ಉಳಿಯುತ್ತಿತ್ತು. ಆ ಸ್ಲಾಟಿಗೆ ಕಿಲುಬು ಹಿಡಿದರೆ ಕಾರ್ಡ್ ಯಂತ್ರಕ್ಕೆ ಕಾಣುವುದೇ ಇಲ್ಲ. ಕನ್ನಡ ಗಣಕದ ಮೊದಲ ಹೆಜ್ಜೆಗಳನ್ನು ನಿಜವಾದ ಯಂತ್ರದ ಮೇಲೆ ನಡೆಸಿ ತೋರಿಸಬೇಕೆಂದರೆ ಇಂಥ ಬೋರ್ಡುಗಳು ಜೀವಂತವಾಗಿರಬೇಕು. ಈ ಕಾರಣಕ್ಕೇ ದುರಸ್ತಿಯ ಈ ಕಸುಬಿಗೆ ಹವ್ಯಾಸಕ್ಕಿಂತ ಹೆಚ್ಚಿನ ಬೆಲೆಯಿದೆ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ರಾಜ್ಯದ ಆಗಿನ 177 ತಾಲೂಕುಗಳ ಪಹಣಿಗಳು ಕಂಪ್ಯೂಟರಿಗೆ ಏರಿದವು. ಭಾಲ್ಕಿ, ಔರಾದ್ ತಾಲೂಕು ಕಚೇರಿಗಳಲ್ಲಿ ರೈತರು ಕಂಪ್ಯೂಟರಿನ ಪಹಣಿ ಕೈಯಲ್ಲಿ ಹಿಡಿದದ್ದು ಆಗಲೇ. ಆ ಪೀಳಿಗೆಯ ಯಂತ್ರಗಳ ಕಾಯಿಲೆ ಬೇರೆ ಬಗೆಯದು; ಅದು ಮುಂದೆ ಬರುತ್ತದೆ.

ನೀಲಿ ಬ್ಯಾಟರಿ

1984ರಲ್ಲಿ ಬಂದ ಐಬಿಎಂ ಪಿಸಿ-ಎಟಿ ಯಂತ್ರದಲ್ಲಿ ದಿನಾಂಕ, ಸಮಯ ಮತ್ತು ಡಿಸ್ಕಿನ ವಿವರ ನೆನಪಿಡಲು ಮೊಟೊರೋಲಾದ ಎಂಸಿ146818 ಎಂಬ ಗಡಿಯಾರದ ಚಿಪ್ ಇತ್ತು. ಕರೆಂಟ್ ಇಲ್ಲದಾಗ ಅದಕ್ಕೆ ಬ್ಯಾಟರಿಯೇ ಆಸರೆ. ಈ ವಿನ್ಯಾಸವನ್ನು ಅನುಸರಿಸಿದ ಇತರ ಕಂಪನಿಗಳು ಬೋರ್ಡಿನ ಮೇಲೇ ಬೆಸೆದ, ತಾನಾಗಿ ಚಾರ್ಜ್ ಆಗುವ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬಳಸಿದವು. 1.2 ವೋಲ್ಟಿನ 3 ಕೋಶಗಳನ್ನು ಸಾಲಾಗಿ ಜೋಡಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿದ 3.6 ವೋಲ್ಟಿನ ಪುಟ್ಟ ಉರುಳೆ ಇದು. ಹೊದಿಕೆ ಬಹುಮಟ್ಟಿಗೆ ನೀಲಿ, ಕೆಲವೊಮ್ಮೆ ಹಸಿರು. ಇದರ ಆಯಸ್ಸು ಕೆಲವೇ ವರ್ಷ. ಆಮೇಲೆ ಕೋಶದ ಅಂಚಿನ ಬಿಗಿ ಸಡಿಲಗೊಂಡು ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಸರತೊಡಗುತ್ತದೆ.

ಬ್ಯಾಟರಿ ಸೋರಿದಾಗ ಬಂದದ್ದು ಆಮ್ಲ ಎಂದು ಅನೇಕರು ತಿಳಿಯುತ್ತಾರೆ. ಅದು ಆಮ್ಲವಲ್ಲ, ತೀಕ್ಷ್ಣವಾದ ಕ್ಷಾರ. ಬೆಸುಗೆಯಲ್ಲಿರುವ ತವರ ಮತ್ತು ಸೀಸ ಎರಡನ್ನೂ ಕ್ಷಾರ ತಿನ್ನುತ್ತದೆ. ಹೊಳೆಯುತ್ತಿದ್ದ ಬೆಸುಗೆ ಬೂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ತಾಮ್ರದ ಮೇಲಿನ ಹಸಿರು ರಕ್ಷಣಾ ಲೇಪದ ಅಂಚಿನಿಂದ ಒಳಕ್ಕೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಬಿಳಿ ಪೊಟ್ಯಾಸಿಯಂ ಕಾರ್ಬೊನೇಟ್ ಹರಳಾಗುತ್ತದೆ. ತಾಮ್ರ ನೀಲಿ-ಹಸಿರು ಕಿಲುಬಾಗುತ್ತದೆ. ಬ್ಯಾಟರಿಯಲ್ಲಿ ಇನ್ನೂ ಅಲ್ಪಸ್ವಲ್ಪ ಚಾರ್ಜ್ ಉಳಿದಿದ್ದರೆ ಒದ್ದೆಯಾದ ಗೆರೆಗಳ ನಡುವೆ ವಿದ್ಯುದ್ವಿಶ್ಲೇಷಣೆಯೂ ನಡೆದು, ಧನ ತುದಿಗೆ ಸೇರಿದ ತಾಮ್ರ ಇನ್ನೂ ಬೇಗ ಕರಗುತ್ತದೆ.

ಬೀದರ್ ಪಟ್ಟಣ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ, ಕೆಮ್ಮಣ್ಣಿನ ಜಂಬಿಟ್ಟಿಗೆ ಪ್ರಸ್ಥಭೂಮಿಯ ಮೇಲಿದೆ. ಮಂಗಳೂರು, ಕಾರವಾರದ ಉಪ್ಪುಗಾಳಿ ಇಲ್ಲಿಲ್ಲ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಮಳೆ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಇಷ್ಟು ಒಣ ಸೀಮೆಯಲ್ಲಿ ಎಲೆಕ್ಟ್ರಾನಿಕ್ಸ್ ಸುರಕ್ಷಿತವಾಗಿರಬೇಕಲ್ಲವೆ ಎಂದು ಕೇಳಬಹುದು. ಗಾಳಿಯಿಂದ ಬರುವ ಹಾನಿಯ ಮಟ್ಟಿಗೆ ಅದು ನಿಜ. ಬ್ಯಾಟರಿಯ ಮಟ್ಟಿಗೆ ನಿಜವಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಅದರಿಂದ ಹುಟ್ಟುವ ಕಾರ್ಬೊನೇಟ್ ಎರಡೂ ಗಾಳಿಯಲ್ಲಿರುವ ಅಲ್ಪ ತೇವವನ್ನೂ ಎಳೆದುಕೊಂಡು ತಾವೇ ಒದ್ದೆಯಾಗುತ್ತವೆ. ಆದ್ದರಿಂದ ಔರಾದಿನ ಒಣ ಕೋಣೆಯಲ್ಲಿಟ್ಟ ಬೋರ್ಡೂ ಬ್ಯಾಟರಿ ಸೋರಿದ ಜಾಗದಲ್ಲಿ ಸವೆಯುತ್ತಲೇ ಇರುತ್ತದೆ. ಬಿಸಿಲಿನ ಸೆಕೆ ಬ್ಯಾಟರಿಯ ಆಯಸ್ಸನ್ನೂ ಮೊಟಕು ಮಾಡುತ್ತದೆ.

ಎಲ್ಲ ಬ್ಯಾಟರಿಗಳೂ ಒಂದೇ ರೀತಿ ಸೋರುವುದಿಲ್ಲ. ಮ್ಯಾಕಿಂಟಾಷ್ ಎಸ್‌ಇ/30ರಂಥ ಯಂತ್ರಗಳಲ್ಲಿದ್ದ 3.6 ವೋಲ್ಟಿನ ಅರ್ಧ ಎಎ ಗಾತ್ರದ ಲಿಥಿಯಂ ಥಯೊನೈಲ್ ಕ್ಲೋರೈಡ್ ಬ್ಯಾಟರಿ ಒಡೆದರೆ ಹೊರಬರುವುದು ಆಮ್ಲವನ್ನೇ ಹುಟ್ಟಿಸುವ ದ್ರವ. ಅಲ್ಲಿ ಅಡಿಗೆ ಸೋಡ ಬೇಕು, ವಿನೆಗರ್ ಹಾಕಿದರೆ ಪ್ರಯೋಜನವಿಲ್ಲ. ಡಲ್ಲಾಸ್ ಕಂಪನಿಯ ಗಡಿಯಾರದ ಚಿಪ್‌ಗಳಲ್ಲಿ ಬ್ಯಾಟರಿಯನ್ನು ರಾಳದೊಳಗೆ ಹೂತಿರುತ್ತಾರೆ. ಅದು ಸಾಯುತ್ತದೆ, ಸೋರುವುದಿಲ್ಲ. ಪೆಂಟಿಯಂ ಕಾಲದಿಂದ ಬಂದ ಸಿಆರ್2032 ನಾಣ್ಯದಂಥ ಸೆಲ್ ಸೋರುವುದು ಅಪರೂಪ.

ಕೆಪಾಸಿಟರ್, ಇನ್ವರ್ಟರ್, ಇಲಿ

1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲ ವರ್ಷಗಳಲ್ಲಿ ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಅಲ್ಯೂಮಿನಿಯಂ ಕೆಪಾಸಿಟರುಗಳು ಬಂದವು. ಇವು ಅಡಿಯಿಂದ ಸೋರಿ ಸುತ್ತಲಿನ ತಾಮ್ರವನ್ನು ಕಪ್ಪಾಗಿಸುತ್ತವೆ. ಕಾಯಿಸಿ ತೆಗೆಯುವಾಗ ಮೀನಿನ ವಾಸನೆ ಬಂದರೆ ಸೋರಿದೆ ಎಂದೇ ಅರ್ಥ. ಅಮಿಗಾ 600, 1200 ಮತ್ತು ಆ ಕಾಲದ ಮ್ಯಾಕಿಂಟಾಷ್‌ಗಳಲ್ಲಿ ಇದು ಸಾಮಾನ್ಯ ರೋಗ. 1999ರಿಂದ 2007ರ ನಡುವಿನ ಅನೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿನ ಪಕ್ಕದ ದೊಡ್ಡ ಕೆಪಾಸಿಟರುಗಳು ತಲೆ ಉಬ್ಬಿ ಸೋರಿದ್ದು ಲೋಕವೆಲ್ಲ ಅನುಭವಿಸಿದ ಸಮಸ್ಯೆ. ಭೂಮಿ ಯೋಜನೆಯ ಮೊದಲ ವರ್ಷಗಳ ಯಂತ್ರಗಳು ಇದೇ ಕಾಲಘಟ್ಟದವು.

ಕರೆಂಟ್ ಹೋಗುವ ಊರುಗಳಲ್ಲಿ ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಯುಪಿಎಸ್ ಇಲ್ಲವೆ ಇನ್ವರ್ಟರ್ ಬ್ಯಾಟರಿ ಇರುತ್ತದೆ. ನೀರು ಹಾಕುವ ಬಗೆಯ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಗಂಧಕಾಮ್ಲದ ಸೂಕ್ಷ್ಮ ತುಂತುರನ್ನು ಹೊರಬಿಡುತ್ತದೆ. ಪಕ್ಕದ ಯಂತ್ರದ ಲೋಹದ ಪೆಟ್ಟಿಗೆ, ತಿರುಪುಗಳಿಗೆ ಮೊದಲು ತುಕ್ಕು ಬರುತ್ತದೆ, ಆಮೇಲೆ ಕನೆಕ್ಟರುಗಳಿಗೆ. ಉಗ್ರಾಣಕ್ಕೆ ಸೇರಿದ ಯಂತ್ರಗಳಿಗೆ ಇಲಿ ಇನ್ನೊಂದು ಶತ್ರು. ಹಿಂಬದಿಯ ತೆರೆದ ಕಿಂಡಿಯಿಂದ ಒಳಹೊಕ್ಕು ಗೂಡು ಕಟ್ಟುತ್ತದೆ. ಅದರ ಮೂತ್ರದ ಉಪ್ಪು ಸ್ಲಾಟುಗಳ ನಡುವೆ ಉಳಿದು ಪ್ರತಿ ಮಳೆಗಾಲದಲ್ಲೂ ಒದ್ದೆಯಾಗುತ್ತದೆ. ಗಾಳಿಯ ತೇವಾಂಶ ಹೆಚ್ಚಿದಾಗ ಇಂಥ ದೂಳು-ಉಪ್ಪಿನ ಪದರ ವಿದ್ಯುತ್ ಹರಿಸತೊಡಗುತ್ತದೆ.

ಬಿದರಿಯ ಕಪ್ಪು

ಲೋಹ ಹೇಗೆ ಬಣ್ಣ ಕೆಡುತ್ತದೆ ಎಂಬ ತಿಳಿವು ಬೀದರಿಗೆ ಹೊಸದಲ್ಲ. ಬಿದರಿ ಕಲೆಯ ಪಾತ್ರೆಗಳ ಎರಕದಲ್ಲಿ ಸತುವೇ ಬಹುಭಾಗ, ತಾಮ್ರ ಸ್ವಲ್ಪ. ಅದರ ಮೇಲೆ ಬೆಳ್ಳಿಯ ತಂತಿ, ತಗಡು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ಮಿಶ್ರಣದಲ್ಲಿ ಅದ್ದುತ್ತಾರೆ. ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎರಕದಲ್ಲಿ ತಾಮ್ರವಿರದಿದ್ದರೆ ಆ ಕಪ್ಪು ಬರುವುದಿಲ್ಲ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಬಿದರಿಯಲ್ಲಿ ಬೇಕೆಂದೇ, ಬೇಕಾದಷ್ಟೇ ನಡೆಸಿ, ತೊಳೆದು, ಎಣ್ಣೆ ಸವರಿ ನಿಲ್ಲಿಸುವ ಕ್ರಿಯೆ ಬೋರ್ಡಿನಲ್ಲಿ ಯಾರ ಅಂಕೆಯೂ ಇಲ್ಲದೆ ನಡೆಯುತ್ತದೆ. ದುರಸ್ತಿಗಾರನಿಗೆ ಇದರಿಂದ ನೇರವಾದ ಒಂದು ಎಚ್ಚರಿಕೆಯೂ ಸಿಗುತ್ತದೆ. ನವಸಾಗರ ಅಂದರೆ ಅಮೋನಿಯಂ ಕ್ಲೋರೈಡ್. ಪಾತ್ರೆಗಳಿಗೆ ಕಲಾಯಿ ಹಾಕುವವರೂ ಇದನ್ನೇ ಬಳಸುತ್ತಾರೆ. ತಾಮ್ರವನ್ನು ಕ್ಷಣದಲ್ಲಿ ಶುಚಿ ಮಾಡುವ ಇದೇ ಕ್ಲೋರೈಡ್ ಬೋರ್ಡಿನ ಮೇಲೆ ಉಳಿದರೆ ವರ್ಷಗಟ್ಟಲೆ ತಿನ್ನುತ್ತದೆ. ಕಲಾಯಿಯ ನವಸಾಗರವಾಗಲಿ, ತಗಡಿನ ಕೆಲಸದ ಸತುವಿನ ಕ್ಲೋರೈಡ್ ದ್ರಾವಣವಾಗಲಿ ಎಲೆಕ್ಟ್ರಾನಿಕ್ಸ್ ಬೆಸುಗೆಗೆ ಸಲ್ಲದು. ರಾಳದ ಫ್ಲಕ್ಸ್ ಒಂದೇ ಗತಿ.

ತೊಳೆಯುವ ಕ್ರಮ

ಮೊದಲು ಬ್ಯಾಟರಿ ತೆಗೆಯಬೇಕು. ಬೆಸುಗೆ ಬಿಡಿಸಲು ಬಾರದಿದ್ದರೆ ಕಟಿಂಗ್ ಪ್ಲೇಯರಿನಿಂದ ಕಾಲುಗಳನ್ನು ಕತ್ತರಿಸಿದರೂ ಸಾಕು. ಕ್ಯಾಡ್ಮಿಯಂ ವಿಷ, ಕ್ಯಾನ್ಸರ್‌ಕಾರಕ. ಕೈಗವಸು, ಕನ್ನಡಕ ಬೇಕೇ ಬೇಕು. ಬಿಳಿ ಪುಡಿಯನ್ನು ಬಾಯಿಂದ ಊದಬಾರದು.

ಒಣ ಬ್ರಷ್ಷಿನಿಂದ ಪುಡಿ ತೆಗೆದ ಮೇಲೆ ಕ್ಷಾರವನ್ನು ಶಮನ ಮಾಡಲು ಬಿಳಿ ವಿನೆಗರ್ ಇಲ್ಲವೆ ಸಿಟ್ರಿಕ್ ಆಮ್ಲದ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪಿನ, ತಿಳಿ ದ್ರಾವಣ ಹಚ್ಚಬೇಕು. ಕಾರ್ಬೊನೇಟ್ ಇದ್ದಲ್ಲಿ ನೊರೆ ಏಳುತ್ತದೆ. ನೊರೆ ನಿಲ್ಲುವವರೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಕ್ಷಾರ ಹೋಗಿದೆಯೇ ಎಂದು ನೋಡಲು ಲಿಟ್ಮಸ್ ಕಾಗದ ಇದ್ದರೆ ಇನ್ನೂ ಒಳ್ಳೆಯದು. ಮನೆಯ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚುವ ಅಭ್ಯಾಸ ಇದ್ದವರಿಗೆ ಇಲ್ಲೂ ಅದನ್ನೇ ಬಳಸುವ ಮನಸ್ಸಾಗಬಹುದು. ಬೇಡ. ಹುಣಸೆಯ ತಿರುಳಿನ ಸಕ್ಕರೆ, ನಾರು ಚಿಪ್ಪಿನ ಅಡಿಯಲ್ಲಿ ಉಳಿದು ತೇವ ಹಿಡಿಯುತ್ತವೆ. ಇಲಿಯ ಮೂತ್ರದ ಉಪ್ಪಿಗೆ ಆಮ್ಲದಿಂದ ಪ್ರಯೋಜನವಿಲ್ಲ. ಅದು ನೀರಿನಲ್ಲಿ ಕರಗಿ ಹೋಗಬೇಕಷ್ಟೆ.

ಆಮೇಲೆ ಧಾರಾಳವಾಗಿ ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆಯಬೇಕು. ಇನ್ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ನೀರು ಇದಕ್ಕೆ ಆಗುತ್ತದೆ. ಬೋರ್‌ವೆಲ್ ನೀರು ಸುಣ್ಣ, ಉಪ್ಪಿನ ಕಲೆ ಬಿಡುತ್ತದೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಚಿಪ್‌ಗಳ ಅಡಿಯ ನೀರು ಹೊರಬರುತ್ತದೆ. ಅದು ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ಬೀಡಿ ಹತ್ತಿರವಿರಬಾರದು.

ಬೀದರಿನ ಬಿಸಿಲಿಗೆ ಒಣಗಿಸುವುದು ಸುಲಭ, ಆದರೆ ಯಂತ್ರವನ್ನು ಚಾಲೂ ಮಾಡುವ ಪ್ರೋಗ್ರಾಮ್, ಅಂದರೆ ಬಯೋಸ್, ತುಂಬಿದ ಇಪ್ರಾಮ್ ಚಿಪ್ಪಿನ ಬೆನ್ನಿಗೆ ಗಾಜಿನ ಕಿಟಕಿ ಇರುತ್ತದೆ. ಅದರ ಮೇಲಿನ ಚೀಟಿ ನೆನೆದು ಬಿದ್ದುಹೋಗಿದ್ದರೆ, ನೇರ ಬಿಸಿಲಿನ ಅತಿನೇರಳೆ ಕಿರಣ ಸುಮಾರು ಒಂದು ವಾರದಲ್ಲಿ ಒಳಗಿನ ಪ್ರೋಗ್ರಾಮನ್ನೇ ಅಳಿಸಬಲ್ಲದು. ತೊಳೆಯುವ ಮೊದಲೇ ಚಿಪ್ಪನ್ನು ಸಾಕೆಟ್ಟಿನಿಂದ ಕಿತ್ತು ಪಕ್ಕಕ್ಕಿಡುವುದು ಲೇಸು.

ತಾಮ್ರದ ದಾರಿ ಕೂಡಿಸುವುದು

ಇಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್. ಗೆರೆಯ ಅಗಲ ಅನೇಕ ಕಡೆ 0.25 ಮಿಲಿಮೀಟರಿಗಿಂತ ಹೆಚ್ಚಿಲ್ಲ. ಒಂದು ಬದಿಯ ಗೆರೆಯನ್ನು ಇನ್ನೊಂದು ಬದಿಗೆ ಸೇರಿಸುವ ರಂಧ್ರಗಳ ಒಳಗೋಡೆಗೆ ಲೇಪಿಸಿದ ತಾಮ್ರ ಇನ್ನೂ ತೆಳು, ಸುಮಾರು 25 ಮೈಕ್ರಾನ್. ವಯಾ ಎನ್ನುವ ಈ ರಂಧ್ರಗಳೇ ಮೊದಲು ಸಾಯುತ್ತವೆ. ಮೇಲಿಂದ ನೋಡಿದರೆ ರಂಧ್ರದ ಸುತ್ತಲಿನ ತಾಮ್ರದ ಬಳೆ ಸರಿಯಾಗಿಯೇ ಕಾಣುತ್ತದೆ, ಒಳಗೋಡೆ ಪುಡಿಯಾಗಿರುತ್ತದೆ.

ಒಂದು 386 ಬೋರ್ಡಿನ ಮೂಲೆಯನ್ನು ಹತ್ತಿರದಿಂದ ನೋಡೋಣ. ಅನೇಕ ಬೋರ್ಡುಗಳಲ್ಲಿ ಬ್ಯಾಟರಿ ಇರುವುದು ಹಿಂಬದಿಯ ಕೀಬೋರ್ಡ್ ಕನೆಕ್ಟರಿನ ಪಕ್ಕ. ಅದರ ಆಚೆ 40 ಕಾಲುಗಳ 8042 ಕೀಬೋರ್ಡ್ ನಿಯಂತ್ರಕ ಚಿಪ್, ಅದರ ಸಾಕೆಟ್ಟು. ಈಚೆ ಮೊದಲ ಐಎಸ್‌ಎ ಸ್ಲಾಟು. ಸೋರಿದ ಕ್ಷಾರ ಈ ಮೂರನ್ನೂ ಮುಟ್ಟಿರುತ್ತದೆ. ಆದ್ದರಿಂದಲೇ ಇಂಥ ಯಂತ್ರದ ಮೊದಲ ದೂರು ‘ಕೀಬೋರ್ಡ್ ಎರರ್’ ಆಗಿರುತ್ತದೆ, ಇಲ್ಲವೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಪವರ್ ಸಪ್ಲೈ ಸರಿಯಿದೆ ಎಂದು ಪ್ರೊಸೆಸರಿಗೆ ತಿಳಿಸುವ ಸಂಕೇತದ ಗೆರೆ ಇದೇ ಮೂಲೆಯಲ್ಲಿ ಹಾದುಹೋಗಿದ್ದು ಅದು ಕಡಿದಿದ್ದರೆ ಯಂತ್ರ ರೀಸೆಟ್ ಸ್ಥಿತಿಯಲ್ಲೇ ನಿಂತುಬಿಡುತ್ತದೆ.

ಸಾಕೆಟ್ಟನ್ನು ಉಳಿಸಲು ಹೆಣಗುವುದು ವ್ಯರ್ಥ. ಅದರ ಎಲೆಸ್ಪ್ರಿಂಗುಗಳ ಒಳಗೆ ಕ್ಷಾರ ಏರಿರುತ್ತದೆ, ಅಡಿಯಲ್ಲೂ ಇಳಿದಿರುತ್ತದೆ. ಪ್ಲಾಸ್ಟಿಕ್ ಕತ್ತರಿಸಿ ತೆಗೆದು, ಕಾಲುಗಳನ್ನು ಒಂದೊಂದಾಗಿ ಎಳೆಯುವುದೇ ಬೋರ್ಡಿಗೆ ಕ್ಷೇಮ. ಕಿಲುಬು ಹಿಡಿದ ಬೆಸುಗೆ ಬೇಗ ಕರಗುವುದಿಲ್ಲ. ಹೆಚ್ಚು ಕಾಯಿಸಿದರೆ ತಾಮ್ರದ ಬಳೆಯೇ ಎದ್ದುಬರುತ್ತದೆ. ಹೊಸ ಸೀಸ-ತವರದ ಬೆಸುಗೆ ಮತ್ತು ಫ್ಲಕ್ಸ್ ಸೇರಿಸಿದರೆ ಹಳೆಯದು ಅದರೊಡನೆ ಬೆರೆತು ಹರಿಯುತ್ತದೆ. 63-37ರ ಮಿಶ್ರಲೋಹ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಈಗಿನ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಹಳೆಯ ಬೋರ್ಡಿಗೆ ಹಳೆಯ ಬೆಸುಗೆಯೇ ಹಿತ.

ಬಳಿಕ ಕಪ್ಪಾದ ಗೆರೆಗಳ ಮೇಲಿನ ಉಬ್ಬಿದ ಲೇಪವನ್ನು ಗಾಜಿನ ನಾರಿನ ಪೆನ್ನಿನಿಂದ ಕೆರೆಯಬೇಕು. ಗುಲಾಬಿ ತಾಮ್ರ ಕಾಣುವವರೆಗೆ ಕೆರೆದು, ಅಲ್ಲಿಂದಾಚೆ ಆರೋಗ್ಯವಂತ ಲೇಪ ಸಿಗುವ ತನಕ ಮುಂದುವರಿಯಬೇಕು. ಕಪ್ಪನ್ನು ಅರ್ಧಕ್ಕೆ ಬಿಟ್ಟರೆ ಅಲ್ಲಿಂದ ರೋಗ ಮರಳುತ್ತದೆ. ಬಯಲಾದ ತಾಮ್ರಕ್ಕೆ ತೆಳುವಾಗಿ ಬೆಸುಗೆ ಸವರಬೇಕು. ಬೆಸುಗೆ ಹಿಡಿಯದೆ ಗುಂಡಾಗಿ ಜಾರಿದರೆ ಕೆಳಗೆ ಇನ್ನೂ ಕಿಲುಬಿದೆ ಎಂದೇ ತಿಳಿಯಬೇಕು.

ಆಮೇಲೆ ಮಲ್ಟಿಮೀಟರು. ಪ್ರತಿ ಗೆರೆಯ ಎರಡೂ ತುದಿ ಹಿಡಿದು ಬೀಪ್ ಬರುತ್ತದೆಯೇ ನೋಡಿ, ಬಾರದ್ದನ್ನು ಕಾಗದದ ಮೇಲೆ ಬರೆದಿಡಬೇಕು. ಐಬಿಎಂ ತನ್ನ ಪಿಸಿ-ಎಟಿಯ ಪೂರ್ತಿ ನಕ್ಷೆಗಳನ್ನು ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಅದರ ಅನುಕರಣೆಯ ಬೋರ್ಡುಗಳಿಗೆ ಅಂಥ ನಕ್ಷೆ ಸಿಗುವುದು ವಿರಳ. ಆದರೆ ಐಎಸ್‌ಎ ಸ್ಲಾಟಿನ 62 ಮತ್ತು 36 ಪಿನ್ನುಗಳ ಹೆಸರು ಎಲ್ಲ ಬೋರ್ಡುಗಳಲ್ಲೂ ಒಂದೇ, ಸ್ಲಾಟಿನಿಂದ ಸ್ಲಾಟಿಗೆ ಅದೇ ಪಿನ್ ನೇರ ಜೋಡಣೆಯಾಗಿರುತ್ತದೆ. ಆ ಒಂದು ಸಂಗತಿ ತಿಳಿದಿದ್ದರೆ ಅರ್ಧ ಪತ್ತೆ ಮುಗಿದಂತೆ. ಕಡಿದ ಗೆರೆಗೆ 30 ಗೇಜಿನ ತೆಳು ತಂತಿ ಹಾಕಬೇಕು. ಸತ್ತ ವಯಾದೊಳಗೆ ಅದೇ ತಂತಿ ತೂರಿಸಿ ಎರಡೂ ಬದಿಗೆ ಬೆಸೆಯಬೇಕು. ನಾಲ್ಕು ಪದರದ ಬೋರ್ಡಿನಲ್ಲಿ ಒಳಪದರಗಳು ಸಾಮಾನ್ಯವಾಗಿ 5 ವೋಲ್ಟ್ ಮತ್ತು ನೆಲಕ್ಕೆ ಮೀಸಲು; ಅಲ್ಲಿ ಸಂಪರ್ಕ ತಪ್ಪಿದರೆ ಹತ್ತಿರದ ಬೇರೆ ಜಾಗದಿಂದ ತಂತಿ ಎಳೆಯಬಹುದು. ಕೊನೆಗೆ ಬಯಲಾದ ತಾಮ್ರಕ್ಕೆಲ್ಲ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಹಸಿರು ಲೇಪ ಹಚ್ಚಿ ಮುಚ್ಚಬೇಕು.

ಎಲ್ಲ ಗೆರೆಗಳೂ ಬೀಪ್ ಎಂದ ಮೇಲೆಯೇ ಕರೆಂಟ್ ಕೊಡಬೇಕು. ಅದಕ್ಕೂ ಮೊದಲು 5 ವೋಲ್ಟ್ ಮತ್ತು ನೆಲದ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಳ್ಳಬೇಕು. ಸ್ಲಾಟಿಗೆ ದೋಷ ಪತ್ತೆಯ ಪೋಸ್ಟ್ (POST) ಕಾರ್ಡ್ ಸಿಕ್ಕಿಸಿದರೆ ಬಯೋಸ್ ಯಾವ ಹಂತದಲ್ಲಿ ನಿಂತಿದೆ ಎಂಬುದು ಎರಡಂಕಿಯಲ್ಲಿ ಕಾಣುತ್ತದೆ.

ಹೊಸ ಬ್ಯಾಟರಿ

ಅದೇ ನೀಲಿ ಉರುಳೆಯನ್ನು ಮತ್ತೆ ಬೆಸೆಯುವುದು ದುಡುಕು. ಅನೇಕ ಬೋರ್ಡುಗಳಲ್ಲಿ ಹೊರಗಿನ ಬ್ಯಾಟರಿಗೆಂದು 4 ಪಿನ್ನಿನ ಜಾಗ ಇರುತ್ತದೆ. ಅದಕ್ಕೆ ತಂತಿ ಎಳೆದು ಬ್ಯಾಟರಿಯನ್ನು ಬೋರ್ಡಿನಿಂದ ದೂರ, ಪೆಟ್ಟಿಗೆಯ ಗೋಡೆಗೆ ಅಂಟಿಸುವುದು ಅತ್ಯುತ್ತಮ. ಹಳೆಯ ಜಾಗದಲ್ಲೇ ಸಿಆರ್2032 ಹಾಕುವುದಾದರೆ ನಡುವೆ ಒಂದು ಡಯೋಡ್ ಬೇಕು. ಹಳೆಯ ಸರ್ಕಿಟ್ ಬ್ಯಾಟರಿಗೆ ಚಾರ್ಜ್ ಕಳಿಸುತ್ತದೆ, ಲಿಥಿಯಂ ನಾಣ್ಯ ಅದನ್ನು ತಾಳದು. ಷಾಟ್ಕಿ ಡಯೋಡ್ ಆದರೆ ವೋಲ್ಟೇಜ್ ಕಡಿಮೆ ಕಳೆಯುತ್ತದೆ. ಬ್ಯಾಟರಿಯೇ ಇಲ್ಲದೆಯೂ ಬಹುಪಾಲು ಯಂತ್ರಗಳು ಓಡುತ್ತವೆ. ಪ್ರತಿ ಸಲ ಡಿಸ್ಕಿನ ವಿವರ ತುಂಬಬೇಕು, ದಿನಾಂಕ 1980ರ ಜನವರಿ 1ಕ್ಕೆ ಹೋಗುತ್ತದೆ, ಅಷ್ಟೆ.

ಸಾಮಗ್ರಿ ಮತ್ತು ವಿಲೇವಾರಿ

ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದ್ ಸುಮಾರು 140. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಗಿಂತ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇಲ್ಲಿಗೆ ಹತ್ತಿರ. ಐಸಿ ಸಾಕೆಟ್, ಕೆಪಾಸಿಟರ್, ಡಯೋಡ್, ಫ್ಲಕ್ಸ್ ಅಲ್ಲಿ ಸಿಗುವಂಥವು. ಕೈಚಳಕಕ್ಕೆ ದೂರ ಹೋಗಬೇಕಾಗಿಲ್ಲ. ಮೊಬೈಲ್ ರಿಪೇರಿ ಮಾಡುವವರು ಇದಕ್ಕಿಂತ ಸೂಕ್ಷ್ಮವಾದ ಬೆಸುಗೆಯನ್ನು ದಿನವೂ ಮಾಡುತ್ತಾರೆ.

ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮತ್ತು ಅದೇ ವರ್ಷ ಹೊರಡಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ಇವೇ ನಿಯಮಗಳ ಹೆಸರಿನಲ್ಲಿ ಹಳೆಯ ಯಂತ್ರಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿಬಿಡುವ ಅಪಾಯವೂ ಇದೆ. ಕನ್ನಡದಲ್ಲಿ ಗಣಕ ಕೆಲಸ ನಡೆದ ಮೊದಲ ಯಂತ್ರಗಳಲ್ಲಿ ಕೆಲವನ್ನಾದರೂ ಕಾಲೇಜುಗಳು ಉಳಿಸಿಕೊಳ್ಳುವುದು ಅಗತ್ಯ. ವಿದ್ಯಾರ್ಥಿಗಳು ಕಣ್ಣಿಗೆ ಕಾಣುವ ಗೆರೆಗಳನ್ನು ಹಿಡಿದು ಕಂಪ್ಯೂಟರ್ ಕಲಿಯಬಹುದಾದ ಕೊನೆಯ ಪೀಳಿಗೆಯ ಬೋರ್ಡುಗಳು ಇವು.

ಬೀದರ್, ಭಾಲ್ಕಿ, ಔರಾದಿನಲ್ಲಿ ಇದನ್ನು ಓದುವವರ ಕಾಲೇಜಿನ ಉಗ್ರಾಣದಲ್ಲಿ, ಕಚೇರಿಯ ಅಟ್ಟದ ಮೇಲೆ, ಮನೆಯ ಮೂಲೆಯಲ್ಲಿ 286, 386, 486 ಯಂತ್ರವಿದ್ದರೆ, ಚಾಲೂ ಮಾಡಿ ನೋಡಲು ಹೋಗಬೇಡಿ. ಪೆಟ್ಟಿಗೆ ಬಿಚ್ಚಿ, ಕೀಬೋರ್ಡ್ ಕನೆಕ್ಟರಿನ ಪಕ್ಕ ನೀಲಿ ಉರುಳೆ ಇದೆಯೇ ನೋಡಿ, ಇದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಕತ್ತರಿಸಿ ತೆಗೆಯಿರಿ. ಉಳಿದ ದುರಸ್ತಿ ಮುಂದಿನ ವರ್ಷವಾದರೂ ಆದೀತು.